ಮೇಷ್ಟ್ರ ಶೆಡ್ಡಿನಲ್ಲಿ ಕನ್ನಡಿ ಇಲ್ಲ

ಮಲ್ಪೆಯಲ್ಲಿರುವ ನಮ್ಮ ಪವರ್‌ಲಿಫ್ಟಿಂಗ್ ಮೇಷ್ಟ್ರ ಮನೆಯ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಒಂದು ರ್‍ಯಾಕ್, ಒಂದು ಬೆಂಚ್, ಎರಡು ಬಾರ್, ಗೋಡೆಗೆ ಒರಗಿಸಿಟ್ಟ ಎರಕದ ಪ್ಲೇಟುಗಳು. ಕನ್ನಡಿ ಇಲ್ಲ. ಈ ಭಾರ ಎತ್ತುವ ಸ್ಪರ್ಧೆಯ ವೇದಿಕೆಯಲ್ಲಿ ಮೂವರು ತೀರ್ಪುಗಾರರು ನಮ್ಮನ್ನು ನೋಡುತ್ತಾರೆ, ನಮ್ಮನ್ನು ನಾವು ನೋಡಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಬಾರನ್ನು ಹೆಗಲ ಮೇಲೆ ಹೊತ್ತು ಕುಳಿತು ಏಳುವ ಸ್ಕ್ವಾಟ್‌ನಲ್ಲಿ ಸೊಂಟದ ಕೀಲು ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಇಳಿಯಿತೇ ಎಂಬುದು ಕಾಲಿಗೇ ಗೊತ್ತಾಗಬೇಕು ಎನ್ನುತ್ತಾರೆ ಮೇಷ್ಟ್ರು.

ಕಡಲಿನ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಪ್ರತಿ ಸಂಜೆ ಬಾರನ್ನು ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿಡುತ್ತಾರೆ. ಹಳೆಯ ಎರಕದ ಪ್ಲೇಟುಗಳ ಮೇಲೆ ಅಚ್ಚಾಗಿರುವ ತೂಕವನ್ನು ನಂಬುವಂತಿಲ್ಲ. ಅವರು ಒಂದೊಂದನ್ನೂ ಮೀನು ತೂಗುವ ಯಂತ್ರದ ಮೇಲಿಟ್ಟು ನೋಡಿ, ಬಿಳಿ ಬಣ್ಣದಲ್ಲಿ 19.6, 20.3 ಎಂದು ಬರೆದಿದ್ದಾರೆ. ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಅವರ ಮೇಲೆ ಮೊದಲು ಗೌರವ ಹುಟ್ಟಿದ್ದು ಇದರಿಂದಲೇ. ಅವರು ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಸೇರಿ ನಿವೃತ್ತರಾದವರು. ಎತ್ತಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎತ್ತದೆ ಬಿಟ್ಟದ್ದರ ಬಗ್ಗೆ ಹೇಳುತ್ತಾರೆ.

ದಸರಾ ರಜೆಯಲ್ಲಿ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ನಾನು ಅಲ್ಲಿಗೆ ಹೋದದ್ದು ಹೆಚ್ಚು ಎತ್ತುವುದನ್ನು ಕಲಿಯಲಿಕ್ಕಲ್ಲ. ನನ್ನದು ಮಹಿಳೆಯರ 63 ಕಿಲೋ ವಿಭಾಗ, 40ರಿಂದ 49 ವರ್ಷದವರ ಮಾಸ್ಟರ್ಸ್ ಗುಂಪು. ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ 130 ಕಿಲೋದಲ್ಲಿ ನಿಂತುಬಿಟ್ಟಿತ್ತು. ಸೋಮವಾರ ಎತ್ತಿದರೆ ಗುರುವಾರದವರೆಗೂ ಬೋರ್ಡಿನ ಕೆಳಸಾಲಿನಲ್ಲಿ ಬರೆಯಲು ಬಗ್ಗುವಾಗ ಸೊಂಟ ಹಿಡಿಯುತ್ತಿತ್ತು. ಊರಿನ ಜಿಮ್ಮಿನ ಹುಡುಗರು ಐಸ್ ತೊಟ್ಟಿ, ಬಡಿಯುವ ಮಸಾಜ್ ಯಂತ್ರ, ಬಣ್ಣಬಣ್ಣದ ಪುಡಿ ಎಂದು ಪಟ್ಟಿ ಕೊಟ್ಟರು. ಅದರ ಒಟ್ಟು ಬೆಲೆಯಲ್ಲಿ ಹೊಸ ಬಾರ್ ಒಂದನ್ನು ಕೊಳ್ಳಬಹುದಿತ್ತು.

ಮೇಷ್ಟ್ರು ಯಾವ ಚಿಕಿತ್ಸೆಯನ್ನೂ ಹೇಳಲಿಲ್ಲ. ಸ್ಕ್ವಾಟ್ ಮಾಡಿಸಿದರು. 85 ಕಿಲೋವನ್ನು ಐದು ಸಲ ಎತ್ತಿ ಬಾರನ್ನು ರ್‍ಯಾಕಿಗೆ ಇಡುತ್ತಿದ್ದಂತೆ, “ಇನ್ನೆಷ್ಟು ಬಾಕಿ ಇತ್ತು?” ಎಂದರು.

“ಮೂರು ಆಗುತ್ತಿತ್ತು ಸರ್.”

“ಐದನೆಯದು ಮೇಲೆ ಬರುವಾಗ ನಿಧಾನ ಆಯಿತು. ಒಂದೇ ಇತ್ತು ಮಾರಾಯ್ರೇ. ಆ ಒಂದಕ್ಕೆ ನೀವು ಮೂರು ದಿನ ಬಡ್ಡಿ ಕಟ್ಟುತ್ತೀರಿ.”

ಈ ಲೆಕ್ಕಕ್ಕೆ ಪುಸ್ತಕದಲ್ಲಿ ಬೇರೆ ಹೆಸರು ಇದೆ: ಹತ್ತರ ಅಳತೆಯಲ್ಲಿ ಶ್ರಮ ಎಷ್ಟು ಎಂದು ಅಂದಾಜಿಸುವುದು. ಇನ್ನೆರಡು ಬಾಕಿ ಇದ್ದರೆ ಎಂಟು, ಏನೂ ಉಳಿಯದಿದ್ದರೆ ಹತ್ತು. ಮೇಷ್ಟ್ರಿಗೆ ಆ ಅಳತೆ ಬೇಕಿಲ್ಲ, ಬಾರಿನ ವೇಗ ನೋಡುತ್ತಾರೆ. ಅವರ ಪ್ರಕಾರ ದಣಿವಿನ ಬಹುಪಾಲು ಸೆಟ್ಟಿನ, ಅಂದರೆ ಬಿಡುವಿಲ್ಲದೆ ಸತತವಾಗಿ ಎತ್ತುವುದರ, ಕೊನೆಯ ಒಂದೆರಡು ಸಲದಲ್ಲಿ ಸೇರಿಕೊಳ್ಳುತ್ತದೆ, ಬಲ ಮಾತ್ರ ಅಷ್ಟೇನೂ ಹೆಚ್ಚುವುದಿಲ್ಲ. ಅಲ್ಲಿದ್ದಷ್ಟು ದಿನವೂ ನನ್ನನ್ನು ಎರಡು ಬಾಕಿ ಇರುವಾಗಲೇ ನಿಲ್ಲಿಸಿದರು. ಬಿಸಿಯೇರಿದ ಹೊತ್ತಿನಲ್ಲಿ ನಿಲ್ಲುವುದಕ್ಕೆ ಎತ್ತುವುದಕ್ಕಿಂತ ಹೆಚ್ಚು ಗಟ್ಟಿತನ ಬೇಕು. ಅದು ನನಗಿನ್ನೂ ಬಂದಿಲ್ಲ.

ನಾಲ್ಕು ವಾರಕ್ಕೊಮ್ಮೆ ಸೆಟ್‌ಗಳನ್ನು ಅರ್ಧಕ್ಕೆ ಇಳಿಸುವುದು ಅವರ ಇನ್ನೊಂದು ನಿಯಮ. ತೂಕವನ್ನು ಮಾತ್ರ ಹೆಚ್ಚು ಇಳಿಸಲು ಬಿಡುವುದಿಲ್ಲ. ಹಗುರ ಮಾಡಿದರೆ ಭಾರ ಹೇಗಿರುತ್ತದೆ ಎಂಬುದು ಮೈಗೆ ಮರೆತುಹೋಗುತ್ತದಂತೆ.

ಮರುದಿನ ಬೆಳಿಗ್ಗೆ ಲಾರಿಯ ಹಳೆಯ ಟೈರೊಂದಕ್ಕೆ ಹಗ್ಗ ಕಟ್ಟಿ, ಬೆಲ್ಟಿಗೆ ಸಿಕ್ಕಿಸಿ ಕಡಲ ತೀರಕ್ಕೆ ಅಟ್ಟಿದರು. ಅಲೆ ತೊಯ್ಯಿಸಿ ಹೋದ ಗಟ್ಟಿ ಮರಳಿನಲ್ಲಿ ಟೈರನ್ನು ಎಳೆಯುತ್ತ ನಡೆಯಬೇಕು. ಪ್ರವಾಸಕ್ಕೆ ಬಂದ ಒಂದು ಶಾಲೆಯ ಮಕ್ಕಳು ಪಾಠ ಬಿಟ್ಟು ನನ್ನನ್ನೇ ನೋಡಿದರು, ನನ್ನ ವಿದ್ಯಾರ್ಥಿಗಳು ಯಾರೂ ಇಲ್ಲದಿದ್ದದ್ದು ಪುಣ್ಯ. ಇದರಲ್ಲಿ ಒಳ್ಳೆಯ ತರ್ಕವಿದೆ. ಮರುದಿನದ ಸ್ನಾಯು ನೋವು ಮುಖ್ಯವಾಗಿ ಹುಟ್ಟುವುದು ಭಾರ ಹೊತ್ತ ಸ್ನಾಯು ಉದ್ದಕ್ಕೆ ಹಿಗ್ಗುವಾಗ, ಅಂದರೆ ಸ್ಕ್ವಾಟ್‌ನಲ್ಲಿ ಕೆಳಗೆ ಇಳಿಯುವಾಗ. ಟೈರ್ ಎಳೆಯುವಾಗ ಇಳಿಸುವ ಭಾಗವೇ ಇಲ್ಲ, ಬರೀ ಕಾಲಿನಿಂದ ನೆಲ ತಳ್ಳುವುದು. ತೊಡೆಗೆ ರಕ್ತ ಹರಿಯುತ್ತದೆ, ಹೊಸ ನೋವು ಸೇರುವುದಿಲ್ಲ. ಸ್ವಲ್ಪ ಹೊತ್ತಿಗೇ ಸೊಂಟದ ಬಿಗಿತ ಸಡಿಲವಾಗಿತ್ತು.

ಐಸ್ ತೊಟ್ಟಿಯ ವಿಷಯ ಎತ್ತಿದೆ. ಮೇಷ್ಟ್ರು ಬಂದರಿನ ಕಡೆಗೆ ಕೈ ತೋರಿಸಿದರು. “ಐಸು ಮೀನಿಗೆ. ಸತ್ತದ್ದು ಕೆಡದ ಹಾಗೆ ಇಡಲಿಕ್ಕೆ.” ಅವರು ಓದಿದವರಲ್ಲ, ಆದರೆ ಮಾತು ಸರಿಯಾಗಿಯೇ ಇದೆ. 2015ರಲ್ಲಿ ಶರೀರಕ್ರಿಯಾ ವಿಜ್ಞಾನದ ಒಂದು ನಿಯತಕಾಲಿಕದಲ್ಲಿ ಬಂದ ಅಧ್ಯಯನದಲ್ಲಿ 12 ವಾರ ತೂಕದ ತರಬೇತಿ ಪಡೆದವರನ್ನು ಹೋಲಿಸಿದ್ದರು. ಪ್ರತಿ ಸಲವೂ ತರಬೇತಿಯ ನಂತರ ಹತ್ತು ನಿಮಿಷ ತಣ್ಣೀರಿನಲ್ಲಿ ಕುಳಿತವರಿಗಿಂತ, ಹಗುರವಾಗಿ ಸೈಕಲ್ ತುಳಿದವರಲ್ಲಿ ಸ್ನಾಯುವೂ ಬಲವೂ ಹೆಚ್ಚು ಬೆಳೆದಿದ್ದವು. ತಣ್ಣೀರಿನಿಂದ ನೋವು ಕಡಿಮೆಯಾಗುತ್ತದೆ, ಬೆಳೆಯಲು ಸಿಗಬೇಕಾದ ಸೂಚನೆಯೂ ಅದರೊಂದಿಗೆ ಕುಗ್ಗುತ್ತದೆ. ಒಂದೇ ದಿನ ಎರಡು ಸಲ ಆಡಬೇಕಾದ ಆಟಗಾರರಿಗೆ ತಣ್ಣೀರು ಬೇಕಾಗಬಹುದು. ನನಗೆ ಯಾಕೆ?

ಎಣ್ಣೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳ. ಎಣ್ಣೆ ತಿಕ್ಕಿದರೆ ಮೈಯಲ್ಲಿ ಕಟ್ಟಿದ ಆಮ್ಲ ಹೊರಗೆ ಹೋಗುತ್ತದೆ ಎಂದು ಮೇಷ್ಟ್ರು ಗರಡಿಯ ಕಾಲದಿಂದ ನಂಬಿದ್ದಾರೆ. ಲ್ಯಾಕ್ಟಿಕ್ ಆಮ್ಲದ ಮಟ್ಟ ವ್ಯಾಯಾಮ ಮುಗಿದು ಒಂದು ಗಂಟೆಯೊಳಗೆ ಸರಿಸುಮಾರು ಮೊದಲಿನಂತಾಗುತ್ತದೆ, ಎರಡನೆಯ ದಿನದ ನೋವಿಗೆ ಅದು ಕಾರಣವಲ್ಲ ಎಂದೆ. ಅವರು ಕೇಳಿಸಿಕೊಂಡು, ತೆಂಗಿನೆಣ್ಣೆ ಬಿಸಿ ಮಾಡಲು ಹೇಳಿದರು. ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಬೆನ್ನಿಗೂ ಮೀನಖಂಡಕ್ಕೂ ತಿಕ್ಕಿದರು. ಆ ರಾತ್ರಿ ಮಧ್ಯೆ ಏಳದೆ ನಿದ್ದೆ ಬಂತು, ಆದರೂ ನನ್ನ ಆಮ್ಲದ ವಾದವನ್ನು ನಾನು ಬಿಟ್ಟುಕೊಟ್ಟಿಲ್ಲ. ಸ್ಪರ್ಧೆಯ ದಿನ ಮೈಮೇಲೆ ಎಣ್ಣೆಯ ಪಸೆ ಇರಕೂಡದು ಎಂಬ ನಿಯಮ ಇರುವುದರಿಂದ, ಹಿಂದಿನ ರಾತ್ರಿಯೇ ಕಡಲೆ ಹಿಟ್ಟು ಹಚ್ಚಿ ತೊಳೆಯಬೇಕೆಂದು ಮೇಷ್ಟ್ರೇ ಎಚ್ಚರಿಸಿದರು.

ನಿದ್ದೆಯ ನಿಜವಾದ ಮಾತು ಹೊರಬಂದದ್ದು ಅಡುಗೆಮನೆಯಲ್ಲಿ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಶಿಷ್ಯರೆಲ್ಲರ ದೇಹತೂಕ, ಬೆಳಗಿನ ನಾಡಿ, ನಿದ್ದೆಯ ಗಂಟೆ ಎಂದು ಖಾನೆಗಳಿವೆ. ನನ್ನ ನಿದ್ದೆಯ ಖಾನೆಯಲ್ಲಿ ಐದು, ನಾಲ್ಕೂವರೆ, ಐದು. ಅವರು ಅದನ್ನು ನೋಡಿ ಗಂಟಲು ಸರಿಮಾಡಿಕೊಂಡು ಹೊರಗೆ ಹೋದರು. ಅಕ್ಕ ಕುಚ್ಚಲಕ್ಕಿ ಗಂಜಿಗೆ ಹುರುಳಿ ಚಟ್ನಿ ಬಡಿಸುತ್ತ, “ರಾತ್ರಿ ಮೈ ಬೆವರುತ್ತದಾ ನಿಮಗೆ?” ಎಂದು ನೇರವಾಗಿ ಕೇಳಿದರು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳು ಇವು. ಜಿಮ್ಮಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಸೊಂಟನೋವಿನ ಜೊತೆ ಸೇರಿಸಿ ಯೋಚಿಸಿರಲಿಲ್ಲ. ಸ್ತ್ರೀರೋಗ ತಜ್ಞರನ್ನು ಕಾಣಿ, ಸಂಜೆ ಆರರ ನಂತರ ಕಾಫಿ ಬೇಡ, ಭಾರದ ತರಬೇತಿ ರಾತ್ರಿ ಎಂಟಕ್ಕೆ ಬೇಡ ಎಂದರು ಅಕ್ಕ. ಊಟದ ಲೆಕ್ಕವನ್ನು ನಾನೇ ಮಾಡಿದೆ. ದೇಹತೂಕದ ಕಿಲೋ ಒಂದಕ್ಕೆ 1.6 ಗ್ರಾಂ ಪ್ರೋಟೀನ್ ಎಂದರೆ ನನಗೆ ದಿನಕ್ಕೆ ಸುಮಾರು 100 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಆರು. ಅಕ್ಕನ ಬಂಗುಡೆ ಸಾರು ಶಿವಮೊಗ್ಗಕ್ಕೆ ಪಾರ್ಸಲ್ ಬರುವುದಿಲ್ಲವಲ್ಲ!

ಈಗ ನನ್ನ ತರಬೇತಿ ಬೆಳಿಗ್ಗೆ ಆರಕ್ಕೆ. ಡೆಡ್‌ಲಿಫ್ಟ್ ವಾರಕ್ಕೆ ಒಮ್ಮೆ ಮಾತ್ರ, ಅದೂ 110 ದಾಟುವಂತಿಲ್ಲ. ಟೈರ್ ಎಳೆಯಲು ಕಾಲೇಜಿನ ಮೈದಾನ ಇದೆ, ಮಳೆ ಬಂದರೆ ಇಲ್ಲ. ರಾಜ್ಯ ಮಟ್ಟದ ಸ್ಪರ್ಧೆಗೆ ಮೇಷ್ಟ್ರು ಯಾವ ಯತ್ನಕ್ಕೆ ಎಷ್ಟು ಕಿಲೋ ಎಂದು ಬರೆದು ಕಳುಹಿಸಿದ್ದಾರೆ: ಡೆಡ್‌ಲಿಫ್ಟ್ ಮೊದಲನೆಯದು 117.5, ಎರಡನೆಯದು 127.5. ಮೂರನೆಯ ಖಾನೆಯಲ್ಲಿ ಏನೂ ಇಲ್ಲ. ಫೋನ್ ಮಾಡಿ ಕೇಳಿದೆ, 135 ಎಂದು ಬರೆಯಲೇ ಎಂದು. ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದಿರಿ ಎಂದು ಸ್ಪರ್ಧೆಯ ದಿನ ಹೇಳಿ, ಆಮೇಲೆ ನೋಡುವ ಎಂದು ಇಟ್ಟುಬಿಟ್ಟರು.