ಪಿಟೀಲಿಗೆ ಇಳಿಯುತ್ತಿರುವ ಒಂದು ತುರ್ಕಿ ಥೀಮ್

‘ಸೆಲ್ವಿ ಬೊಯ್ಲುಮ್ ಅಲ್ ಯಾಜ್ಮಲಿಮ್’ ಚಿತ್ರದ ಥೀಮ್ ಸಂಗೀತವನ್ನು ಪಿಟೀಲಿಗೆ ಹೊಂದಿಸುವ ಕೆಲಸ ಒಂದು ಹಂತಕ್ಕೆ ಬಂದಿದೆ. ಮೊದಲ ಭಾಗ ಕೈಗೆ ಕೂತಿದೆ. ಎರಡನೆಯದು ಸದ್ಯ ಹಾಳೆಯ ಮೇಲಷ್ಟೇ ಇದೆ.

ಚಿತ್ರ ನೋಡದವರಿಗಾಗಿ ನಾಲ್ಕು ಮಾತು. 1970ರ ದಶಕದ ಕೊನೆಯದು, ನಿರ್ದೇಶನ ಆತಿಫ್ ಯಿಲ್ಮಾಜ್. ಕಥೆ ಕಿರ್ಗಿಜ್ ಲೇಖಕ ಚಿಂಗೀಜ್ ಐತ್ಮಾತೊವ್ ಅವರ ಕಿರುಕಾದಂಬರಿಯದು. ಲಾರಿ ಡ್ರೈವರ್ ಇಲ್ಯಾಸ್ (ಕಾದಿರ್ ಇನಾನಿರ್) ಹಳ್ಳಿಯ ಆಸ್ಯಾಳನ್ನು (ತುರ್ಕಾನ್ ಶೊರಾಯ್) ಪ್ರೀತಿಸಿ ಮದುವೆಯಾಗುತ್ತಾನೆ, ಆಮೇಲೆ ದಾರಿ ತಪ್ಪುತ್ತಾನೆ. ಕೂಸನ್ನು ಎತ್ತಿಕೊಂಡು ಮನೆ ಬಿಟ್ಟವಳಿಗೆ ಆಸರೆ ಕೊಡುವವನು ಜೆಮ್‌ಶಿತ್. ವರ್ಷಗಳ ಮೇಲೆ ಇಲ್ಯಾಸ್ ಮತ್ತೆ ಎದುರಾಗುತ್ತಾನೆ.

ಸಂಗೀತ ಜಾಹಿತ್ ಬೆರ್ಕಾಯ್ ಅವರದು. 1967ರಲ್ಲಿ ಶುರುವಾದ, ಅನಾತೋಲಿಯಾದ ಜನಪದವನ್ನು ರಾಕ್ ಜೊತೆ ಬೆರೆಸಿದ ಮೊಗೊಲ್ಲಾರ್ ಬ್ಯಾಂಡಿನವರು. ಯೆಶಿಲ್‌ಚಾಮ್ ಎನ್ನುವ ಇಸ್ತಾಂಬುಲ್ ಚಿತ್ರೋದ್ಯಮದಲ್ಲಿ ವಿದೇಶಿ ರೆಕಾರ್ಡುಗಳ ತುಣುಕನ್ನೇ ಹಿನ್ನೆಲೆಗೆ ಹಚ್ಚುವುದು ಮಾಮೂಲಾಗಿದ್ದ ಕಾಲ ಅದು. ಬೆರ್ಕಾಯ್ ಗಿಟಾರ್ ಅಷ್ಟೇ ಅಲ್ಲ, ಉದ್ದ ಕತ್ತಿನ ತಂತಿವಾದ್ಯ ಬಾಲಮಾ ನುಡಿಸುತ್ತಾರೆ, ಕಮಾನಿನಿಂದ ನುಡಿಸುವ ಯಾಯ್ಲಿ ತಂಬೂರನ್ನೂ ನುಡಿಸುತ್ತಾರೆ. ಹಾಗಾಗಿ ಪಿಟೀಲು ಈ ಸಂಗೀತಕ್ಕೆ ತೀರಾ ಹೊರಗಿನದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಈಗ ಅಸಲು ತೊಡಕು. ಧಾಟಿ ಪಾಶ್ಚಾತ್ಯ ಸಂಗೀತದ ಮೈನರ್ ಸ್ಕೇಲಿನದು. ನಮ್ಮ ಲೆಕ್ಕದಲ್ಲಿ ನಟಭೈರವಿ ರಾಗದ ಸ್ವರಗಳು. ಆದರೆ ಕರ್ನಾಟಕ ಸಂಗೀತದಲ್ಲಿ ಪಳಗಿದ ಬೆರಳು ಗಾಂಧಾರ ಕಂಡ ಕೂಡಲೇ ಅದನ್ನು ಅಲುಗಿಸುತ್ತದೆ. ಅಲುಗಿಸಿದರೆ ಚೆನ್ನಾಗಿಯೇ ಕೇಳುತ್ತದೆ, ಆದರೆ ಅದು ಆಸ್ಯಾಳ ಹಾಡಲ್ಲ, ಯಾವುದೋ ಆಲಾಪನೆಯ ತುಂಡು. ಸ್ವರವನ್ನು ಬೋಳಾಗಿ ಹಿಡಿದು, ಭಾವವನ್ನೆಲ್ಲ ಕಮಾನಿನ ಒತ್ತಡಕ್ಕೇ ಬಿಡಬೇಕು. ಒಂದೆರಡು ಕಡೆ ಮಾತ್ರ ಸಣ್ಣ ಜಾರು ಇಟ್ಟುಕೊಂಡಿದ್ದೇನೆ. ಅದನ್ನು ಬಿಡಲು ಮನಸ್ಸಿಲ್ಲ.

ತಂಬೂರಿ ಶ್ರುತಿಯನ್ನೂ ತೆಗೆದುಹಾಕಿದೆ. ಷಡ್ಜ ಪಂಚಮ ಒಂದೇ ಸಮನೆ ಮೊಳಗುತ್ತಿದ್ದರೆ ಕೆಳಗೆ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬದಲಾಗುವುದೇ ಕಿವಿಗೆ ಬೀಳುವುದಿಲ್ಲ. ನಿಂತ ಸ್ವರವೇ ಅಡಿಯ ಕಾರ್ಡ್ ಸರಿದೊಡನೆ ಬೇರೆ ಬಣ್ಣ ತಾಳುತ್ತದಲ್ಲ, ಈ ಥೀಮ್ ಎದೆಗೆ ನಾಟುವುದು ಅಂಥ ಕಡೆ. ಗಿಟಾರಿನ ಗೆಳೆಯನೊಬ್ಬ ಬಂದು ಕೂತ ಮೇಲೆಯೇ ಇದು ಸರಿಹೋಯಿತು.

ಈ ಥೀಮ್ ಎದೆಗೆ ನಾಟಲು ಇನ್ನೊಂದು ಕಾರಣವೂ ಇದೆ, ಅದು ಸ್ವರಲಿಪಿಗೆ ಸಿಗುವಂಥದ್ದಲ್ಲ. ಪ್ರೇಮ ಚಿಗುರುವಾಗ ಕೇಳುವ ಧಾಟಿಯೇ ಕೊನೆಯಲ್ಲೂ ಬರುತ್ತದೆ. ಅಲ್ಲಿ ಆಸ್ಯಾ ಪ್ರೀತಿ ಎಂದರೆ ಏನಾಗಿತ್ತು ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಪ್ರೀತಿ ಎಂದರೆ ಪಟ್ಟ ಶ್ರಮ ಎಂದುಕೊಂಡು ಜೆಮ್‌ಶಿತ್‌ನ ಕಡೆ ನಡೆಯುತ್ತಾಳೆ. ಹುಡುಗ ಅಪ್ಪಾ ಎನ್ನುವುದೂ ಅವನನ್ನೇ. ಸಂಗೀತ ಮಾತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಇಲ್ಯಾಸ್‌ನನ್ನು ಅದು ಶಿಕ್ಷಿಸಿದ್ದರೆ ನಾವು ಇಷ್ಟು ಅಳುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಅದಕ್ಕೇ ಕೊನೆಯ ಸಲದ ಆವರ್ತನೆಯನ್ನು ಹೆಚ್ಚು ದುಃಖವಾಗಿ ನುಡಿಸುವ ಆಸೆಯನ್ನು ಕೈಬಿಟ್ಟು, ಮೊದಲಿನ ವೇಗದಲ್ಲೇ ಇಟ್ಟಿದ್ದೇನೆ.

ಮುಂದಿನ ಕೆಲಸ: ಎರಡನೇ ಭಾಗದ ಮೇಲಿನ ಸ್ಥಾಯಿಯಲ್ಲಿ ಕಮಾನು ಕೀರಲಾಗುತ್ತಿದೆ. ಇಡೀ ಧಾಟಿಯನ್ನು ಒಂದು ಸ್ವರಸ್ಥಾನ ಕೆಳಗಿಳಿಸಿ ನೋಡಬೇಕು, ಆಮೇಲೆ ರೆಕಾರ್ಡಿಂಗ್.