ಕೆಲಸದ ಜೊತೆ ಉಪಗ್ರಹ ವಿನ್ಯಾಸ ಕಲಿಯುವವರಿಗೆ: ವಿಡಿಯೊ ಆಮೇಲೆ, ಮೊದಲು ಲೆಕ್ಕ

ನಾನು ಪೀಣ್ಯದ ಒಂದು ಕಂಪನಿಯಲ್ಲಿದ್ದೇನೆ. ಉಪಗ್ರಹಗಳಿಗೆ ಬೇಕಾದ ವೈರ್ ಹಾರ್ನೆಸ್ (ಬಾಕ್ಸ್‌ಗಳನ್ನು ಒಂದಕ್ಕೊಂದು ಜೋಡಿಸುವ ವೈರ್‌ಗಳ ಕಟ್ಟು) ಮತ್ತು ಎಲೆಕ್ಟ್ರಾನಿಕ್ ಬಾಕ್ಸ್‌ಗಳನ್ನು ಜೋಡಿಸಿಕೊಡುವುದು ನಮ್ಮ ಕೆಲಸ. ಡ್ರಾಯಿಂಗ್ ಬರುತ್ತದೆ, ಅದರಲ್ಲಿದ್ದ ಹಾಗೆ ಮಾಡುತ್ತೇವೆ, ಗುಣಮಟ್ಟ ನೋಡುವ ಕ್ಯೂಸಿಯವರು ಸಹಿ ಹಾಕುತ್ತಾರೆ, ಮಾಲು ಹೋಗುತ್ತದೆ. ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ಕೈಗೆ ಎಲ್ಲ ಗೊತ್ತಿರುತ್ತದೆ, ಆದರೆ ಈ ಡ್ರಾಯಿಂಗ್ ಯಾಕೆ ಹೀಗಿದೆ ಅಂತ ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಆ ಉತ್ತರಕ್ಕಾಗಿಯೇ ನಾನು ಕೆಲಸ ಬಿಡದೆ, ಸಂಜೆ ಹೊತ್ತಿನ ಒಂದು ಆನ್‌ಲೈನ್ ತರಬೇತಿಗೆ ಸೇರಿದೆ. ವಿಷಯ ಸ್ಪೇಸ್ ಸಿಸ್ಟಮ್ ಡಿಸೈನ್. ಈಗ ನಮ್ಮ ಲೈನ್‌ನ ಹುಡುಗರು, ಬೇರೆ ಕಂಪನಿಯ ಗೆಳೆಯರು "ಮೇಡಂ, ಸೇರಬಹುದಾ? ಉಪಯೋಗ ಆಗುತ್ತಾ?" ಅಂತ ಕೇಳುತ್ತಿರುತ್ತಾರೆ. ಅವರೆಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಉಪಯೋಗ ಆಗುತ್ತದೆ. ಆದರೆ ಎಲ್ಲ ಕೋರ್ಸ್‌ನಿಂದಲೂ ಅಲ್ಲ.

ಮೊದಲು ನಮ್ಮ ಮೇಜಿನ ಮೇಲಿನದೇ ಒಂದು ವಿಷಯ ಹೇಳುತ್ತೇನೆ. ಉಪಗ್ರಹದ ಹಾರ್ನೆಸ್ ಡ್ರಾಯಿಂಗ್‌ನಲ್ಲಿ ವೈರ್ ಯಾವಾಗಲೂ ಸ್ವಲ್ಪ ದಪ್ಪವೇ ಇರುತ್ತದೆ. ನೆಲದ ಮೇಲೆ ಅಷ್ಟು ಕರೆಂಟಿಗೆ ಅದಕ್ಕಿಂತ ತೆಳ್ಳನೆಯ ವೈರ್ ಸಾಕು, ಅದು ಲೈನ್‌ನಲ್ಲಿರುವ ಎಲ್ಲರಿಗೂ ಗೊತ್ತು. ಒಂದೊಂದು ಗ್ರಾಂ ತೂಕಕ್ಕೂ ಒದ್ದಾಡುವ ಜನ ಇಲ್ಲಿ ಮಾತ್ರ ಯಾಕೆ ದಪ್ಪ ವೈರ್ ಹಾಕುತ್ತಾರೆ? ಕೋರ್ಸಿನಲ್ಲಿ ಥರ್ಮಲ್, ಅಂದರೆ ಬಿಸಿ-ತಂಪಿನ ಪಾಠ ಬಂದಾಗ ಇದಕ್ಕೆ ಉತ್ತರ ಸಿಕ್ಕಿತು. ಮೇಲೆ ಗಾಳಿ ಇಲ್ಲ. ಇಲ್ಲಿ ವೈರ್ ಬಿಸಿಯಾದರೆ ಸುತ್ತಲಿನ ಗಾಳಿ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಬಿಸಿ ಹೊರಗೆ ಹೋಗಲು ಎರಡೇ ದಾರಿ: ಒಂದಕ್ಕೊಂದು ತಾಗಿಕೊಂಡಿರುವ ವಸ್ತುಗಳ ಮೂಲಕ, ಇಲ್ಲವೇ ವಿಕಿರಣದ ಮೂಲಕ. ಐವತ್ತು ಅರವತ್ತು ವೈರ್‌ಗಳ ಕಟ್ಟಿನಲ್ಲಿ ನಟ್ಟನಡುವೆ ಇರುವ ವೈರ್‌ಗೆ ಎರಡೂ ಕಷ್ಟ. ಅದಕ್ಕೇ ಕಟ್ಟಿನಲ್ಲಿರುವ ವೈರ್‌ಗೆ ಅದರ ಪೂರ್ತಿ ಕರೆಂಟ್ ಹಾಯಿಸದೆ, ಕಡಿಮೆ ಲೆಕ್ಕ ಹಿಡಿಯುತ್ತಾರೆ. ಡಿರೇಟಿಂಗ್ ಅನ್ನುವುದು ಇದನ್ನೇ. ವೈರ್‌ಗಳನ್ನು ಕಟ್ಟುವ ಲೇಸಿಂಗ್ ಟೇಪ್ ವಿಷಯವೂ ಹಾಗೇ. ಮಾರ್ಕೆಟ್ಟಿನಲ್ಲಿ ಸಿಗುವ ಪ್ಲಾಸ್ಟಿಕ್ ಟೈ ಹಾಕಿ ಎಳೆದರೆ ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ನಾವು ಕೂತು ಒಂದೊಂದೇ ಗಂಟು ಹಾಕುತ್ತೇವೆ. ನಿರ್ವಾತದಲ್ಲಿ ಸಾಮಾನ್ಯ ಪ್ಲಾಸ್ಟಿಕ್‌ನಿಂದ ಆವಿ ಹೊರಟು, ಹೋಗಿ ಕ್ಯಾಮೆರಾದ ಲೆನ್ಸ್ ಮೇಲೆ ಕೂರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ವಸ್ತುವಿನ ಒಟ್ಟು ತೂಕ ಶೇ. 1ಕ್ಕಿಂತ ಜಾಸ್ತಿ ಕಳೆದುಹೋಗಬಾರದು, ಮತ್ತೆ ಗಟ್ಟಿಯಾಗಿ ಅಂಟಿಕೊಳ್ಳುವ ಆವಿ ಶೇ. 0.1 ಮೀರಬಾರದು ಅನ್ನುವ ಮಿತಿ ಇದೆ.

ಇಷ್ಟು ಗೊತ್ತಾದ ಮೇಲೆ ಕೆಲಸದ ಮೇಲಿನ ಪ್ರೀತಿ ನಿಜವಾಗಿಯೂ ಜಾಸ್ತಿಯಾಯಿತು. ಹೊಸದಾಗಿ ಬಂದ ಹುಡುಗಿಯರಿಗೆ ಈಗ "ಹೀಗೇ ಕಟ್ಟಬೇಕು" ಅಂತ ಹೇಳಿ ಸುಮ್ಮನಾಗುವುದಿಲ್ಲ, ಕಾರಣ ಹೇಳುತ್ತೇನೆ. ಕಾರಣ ಗೊತ್ತಿರುವವರು ಗಂಟನ್ನು ಬೇರೆ ರೀತಿಯಲ್ಲೇ ಹಾಕುತ್ತಾರೆ.

ಆದರೆ ಕೋರ್ಸಿನ ನಿಜವಾದ ಜೀವ ಇದ್ದದ್ದು ಗುಂಪಿನ ಪ್ರಾಜೆಕ್ಟ್‌ನಲ್ಲಿ. ನಾವೆಲ್ಲ ಕೆಲಸದಲ್ಲಿರುವವರೇ. ಹುಬ್ಬಳ್ಳಿಯವರೊಬ್ಬರು ಬ್ಯಾಟರಿ ಕಂಪನಿಯವರು, ಮೈಸೂರಿನವರೊಬ್ಬರು ಪಿಸಿಬಿ ಲೇಔಟ್ ಮಾಡುವವರು, ಇನ್ನೊಬ್ಬರು ಮೊಬೈಲ್ ಟವರ್ ಆಂಟೆನಾ ಕೆಲಸದಲ್ಲಿದ್ದವರು, ಮತ್ತೊಬ್ಬ ಹುಡುಗ ಸಾಫ್ಟ್‌ವೇರ್‌ನವನು. ನಮಗೆ ಕೊಟ್ಟಿದ್ದು ಒಂದು ಪುಟ್ಟ ಉಪಗ್ರಹ, 10 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ, 30 ಸೆಂ.ಮೀ. ಉದ್ದ. ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ನಮ್ಮ ರಾಜ್ಯದ ಕೆರೆಗಳ ಫೋಟೊ ತೆಗೆದು ಕಳಿಸಬೇಕು. ಕಾಗದದ ಮೇಲಿನ ಉಪಗ್ರಹವೇ, ಹಾರುವುದಿಲ್ಲ. ಆದರೂ ಲೆಕ್ಕ ಮಾತ್ರ ನಿಜದ್ದು.

ಮೊದಲು ಪವರ್ ಬಜೆಟ್, ಅಂದರೆ ವಿದ್ಯುತ್ತಿನ ಆದಾಯ-ಖರ್ಚಿನ ಲೆಕ್ಕ. ಆ ಎತ್ತರದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 95 ನಿಮಿಷ. ಅದರಲ್ಲಿ ಜಾಸ್ತಿ ಅಂದರೆ 36 ನಿಮಿಷ ಭೂಮಿಯ ನೆರಳಿನಲ್ಲಿ ಕತ್ತಲು. ನಮ್ಮ ಉಪಗ್ರಹಕ್ಕೆ ಸರಾಸರಿ 5 ವ್ಯಾಟ್ ಬೇಕು ಅಂತ ಹಿಡಿದುಕೊಂಡೆವು. ಕತ್ತಲಿನಲ್ಲಿ ಬ್ಯಾಟರಿ ಕೊಡಬೇಕಾದ್ದು 5 ವ್ಯಾಟ್, 36 ನಿಮಿಷ, ಅಂದರೆ 3 ವ್ಯಾಟ್-ಅವರ್. ಹಾಗಾದರೆ 3 ವ್ಯಾಟ್-ಅವರ್‌ನ ಬ್ಯಾಟರಿ ಸಾಕಲ್ವಾ ಅಂದ ಸಾಫ್ಟ್‌ವೇರ್ ಹುಡುಗ. ಹುಬ್ಬಳ್ಳಿಯವರು ತಕ್ಷಣ ತಡೆದರು. ದಿನಕ್ಕೆ 15 ಸುತ್ತು, ಸುತ್ತಿಗೊಂದು ಸಲ ಖಾಲಿ, ಒಂದು ಸಲ ಭರ್ತಿ. ವರ್ಷಕ್ಕೆ ಸುಮಾರು 5,500 ಸಲ ಆಯ್ತು. ಪ್ರತಿ ಸಲವೂ ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ, ಐದರಲ್ಲಿ ಒಂದು ಭಾಗ ಮಾತ್ರ ಬಳಸಿ ಅಂದರು. ಹಾಗಾಗಿ 15 ವ್ಯಾಟ್-ಅವರ್ ಬ್ಯಾಟರಿ. ಇನ್ನು ಬೆಳಕಿರುವ 59 ನಿಮಿಷದಲ್ಲಿ ಸೋಲಾರ್ ಪ್ಯಾನೆಲ್ ಆ 5 ವ್ಯಾಟನ್ನೂ ಕೊಡಬೇಕು, ಖರ್ಚಾದ 3 ವ್ಯಾಟ್-ಅವರನ್ನೂ ತುಂಬಬೇಕು, ಚಾರ್ಜ್ ಆಗುವಾಗ ಕಳೆದುಹೋಗುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ 9 ವ್ಯಾಟ್. 5 ವ್ಯಾಟ್‌ನ ಉಪಗ್ರಹಕ್ಕೆ 9 ವ್ಯಾಟ್‌ನ ಪ್ಯಾನೆಲ್. ಒಂದು ಎಕ್ಸೆಲ್ ಶೀಟ್, ನಾಲ್ಕೈದು ಸಾಲು, ಅಷ್ಟೇ. ಇದನ್ನು ಕೈಯಾರೆ ಮಾಡಿದವರಿಗೆ ಇದು ಮರೆಯುವುದಿಲ್ಲ. ಇದೇ ವಿಷಯದ ವಿಡಿಯೊವನ್ನು ಎರಡು ಸಲ ನೋಡಿದ್ದರೂ ನನ್ನ ತಲೆಯಲ್ಲಿ ಕೂತಿರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಆಂಟೆನಾದವರು ಲಿಂಕ್ ಬಜೆಟ್ ತಂದರು, ಅಂದರೆ ಉಪಗ್ರಹದ ಸಿಗ್ನಲ್ ನೆಲಕ್ಕೆ ಎಷ್ಟು ತಲುಪುತ್ತದೆ ಅನ್ನುವ ಲೆಕ್ಕ. ಉಪಗ್ರಹ ತಲೆಯ ಮೇಲಿದ್ದಾಗ ದೂರ 500 ಕಿ.ಮೀ., ದಿಗಂತದ ಹತ್ತಿರ ಇದ್ದಾಗ 2,000 ಕಿ.ಮೀ. ದೂರ ನಾಲ್ಕು ಪಟ್ಟು ಅಂದರೆ ಕೈಗೆ ಸಿಗುವ ಸಿಗ್ನಲ್ ಹದಿನಾರರಲ್ಲಿ ಒಂದು ಪಾಲು. ಎಷ್ಟು ಪಟ್ಟು ಅಂತ ಅಳೆಯುವ ಡೆಸಿಬಲ್ ಲೆಕ್ಕದಲ್ಲಿ (ಎರಡು ಪಟ್ಟಿಗೆ 3) 12 ಕಡಿಮೆ. ಅವರ ಲೆಕ್ಕದಲ್ಲಿ ಬೇಕಾದ ಮಾರ್ಜಿನ್‌ಗೆ (ಸುರಕ್ಷತೆಗೆ ಉಳಿಸಿಕೊಳ್ಳುವ ಹೆಚ್ಚುವರಿಗೆ) 3 ಡೆಸಿಬಲ್ ಕಡಿಮೆ ಬೀಳುತ್ತಿತ್ತು. "ಟ್ರಾನ್ಸ್‌ಮಿಟರ್ ಪವರ್ ಡಬಲ್ ಮಾಡಿ, ಮುಗೀತು" ಅಂದರು. ಅವರ ಶೀಟಿನಲ್ಲಿ ಅದು ಮುಗಿದೇ ಹೋಯಿತು. ಬ್ಯಾಟರಿಯವರ ಶೀಟಿನಲ್ಲಿ ಹೊಸ ಖರ್ಚು ಬಂತು. ನನ್ನ ಪಾಲಿಗೆ ಥರ್ಮಲ್ ಬಂದಿತ್ತು, ಟ್ರಾನ್ಸ್‌ಮಿಟರ್ ಎಳೆಯುವ ಕರೆಂಟಿನಲ್ಲಿ ಮುಕ್ಕಾಲು ಪಾಲಿನಷ್ಟು ಬರೀ ಬಿಸಿಯಾಗಿಯೇ ಉಳಿಯುತ್ತದೆ ಅಂದಾಗ ನನ್ನ ಶೀಟಿನಲ್ಲಿ ಆ ಬಾಕ್ಸ್ ಕೆಂಪಾಯಿತು. ರಾತ್ರಿ ತುಂಬ ಹೊತ್ತು ವಾದ ನಡೆಯಿತು. ಕೊನೆಗೆ ಮೈಸೂರಿನವರು ಕೇಳಿದರು, ಡೇಟಾ ಕಳಿಸುವ ವೇಗವನ್ನೇ ಅರ್ಧ ಮಾಡಿದರೆ? ಅದರಿಂದಲೂ ಅದೇ 3 ಡೆಸಿಬಲ್ ಸಿಗುತ್ತದೆ, ಒಂದು ವ್ಯಾಟ್ ಕೂಡ ಖರ್ಚಿಲ್ಲ. ಆದರೆ ಆಗ ಫೋಟೊಗಳು ಅರ್ಧ ಮಾತ್ರ ಇಳಿಯುತ್ತವೆ. ಸರಿ, ಎಲ್ಲ ಫೋಟೊ ನಮಗೆ ಬೇಕಾ? ಮಳೆಗಾಲದಲ್ಲಿ ಮಲೆನಾಡಿನ ಮೇಲೆ ಏನು ಕಾಣುತ್ತದೆ, ಮೋಡವೇ ಅಲ್ವಾ. ಮೋಡದ ಫೋಟೊಗಳನ್ನು ಮೇಲೆಯೇ ಗುರುತಿಸಿ ಬಿಟ್ಟುಬಿಡುವ ಪ್ರೋಗ್ರಾಂ ಬರೆಯುವುದು ಸಾಫ್ಟ್‌ವೇರ್ ಹುಡುಗನ ಪಾಲಿಗೆ ಬಂತು.

ಸಿಸ್ಟಮ್ ಡಿಸೈನ್ ಅಂದರೆ ಇದೇ. ನನ್ನ ಶೀಟಿನಲ್ಲಿ ಸಲೀಸಾಗಿ ಕಾಣುವ ಪರಿಹಾರ ಇನ್ನೊಬ್ಬರ ಶೀಟಿಗೆ ಸಾಲವಾಗಿ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಕೂತು ನೋಡದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಎಲ್ಲ ಕೋರ್ಸಿನಲ್ಲೂ ಬರುತ್ತದೆ. 1999ರಲ್ಲಿ ಮಂಗಳ ಗ್ರಹ ತಲುಪುವಾಗಲೇ ಆ ನೌಕೆ ಕೈತಪ್ಪಿ ಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯನ್ನು ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ತೆಗೆದುಕೊಳ್ಳುವವರು ಅದನ್ನು ನ್ಯೂಟನ್ ಅಂತ ಓದುತ್ತಿದ್ದರು. ಮೆಟ್ರಿಕ್‌ನಲ್ಲೇ ಕೊಡಬೇಕು ಅಂತ ಎರಡೂ ಕಡೆಯವರ ನಡುವಿನ ಇಂಟರ್‌ಫೇಸ್ ಡಾಕ್ಯುಮೆಂಟಿನಲ್ಲಿ ಬರೆದೂ ಇತ್ತು. ಹಾರ್ನೆಸ್ ಮಾಡುವವರಿಗೆ ಇದು ಎದೆಗೆ ನಾಟುವ ವಿಷಯ, ಯಾಕೆಂದರೆ ನಮ್ಮ ಕೆಲಸವೇ ಎರಡು ಬಾಕ್ಸ್‌ಗಳ ನಡುವಿನದು. ಈಗ ನಾನು ಡ್ರಾಯಿಂಗ್ ಬಂದ ಕೂಡಲೇ ಎರಡೂ ಕಡೆಯ ಪಿನ್ ಪಟ್ಟಿ ಕೇಳಿ ತರಿಸುತ್ತೇನೆ. ಕೊಡುವವರದ್ದೂ ಬೇಕು, ತೆಗೆದುಕೊಳ್ಳುವವರದ್ದೂ ಬೇಕು. ಎದುರುಬದುರು ಇಟ್ಟು ಓದಿ, ಹೊಂದದ ಕಡೆ ಕ್ರಿಂಪ್ ಮಾಡುವ (ವೈರ್ ತುದಿಗೆ ಪಿನ್ ಒತ್ತಿ ಕೂರಿಸುವ) ಮೊದಲೇ ಪ್ರಶ್ನೆ ಕಳಿಸುತ್ತೇನೆ. ಗಿರಾಕಿಗಳ ಕಡೆಯ ಎಂಜಿನಿಯರುಗಳು ಇದಕ್ಕೆ ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ನಮ್ಮ ಮ್ಯಾನೇಜರ್‌ಗೆ ಅಳುಕಿತ್ತು. ಈಗ ಆ ಎಂಜಿನಿಯರುಗಳೇ ಡಿಸೈನ್ ರಿವ್ಯೂಗೆ ನಮ್ಮನ್ನೂ ಕರೆಯುತ್ತಾರೆ.

ನಮ್ಮದೇ ಉದಾಹರಣೆ ಬೇಕು ಅಂದರೆ ಚಂದ್ರಯಾನ-3 ನೋಡಿ. ಚಂದ್ರಯಾನ-2ರ ಲ್ಯಾಂಡರ್ 2019ರಲ್ಲಿ ಬಿದ್ದ ಮೇಲೆ, ಈ ಸಲ ಏನೇನು ಕೆಡಬಹುದು ಅನ್ನುವುದನ್ನೇ ಮುಂದಿಟ್ಟುಕೊಂಡು ವಿನ್ಯಾಸ ಮಾಡಿದೆವು ಅಂತ ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದ್ದರು. ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ದೊಡ್ಡದಾಯಿತು. ಕಾಲುಗಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿದರೂ ತಡೆಯುವ ಹಾಗೆ ಗಟ್ಟಿಯಾದವು, ಇಂಧನ ಜಾಸ್ತಿ ತುಂಬಿದರು. 2023ರ ಆಗಸ್ಟ್ 23ರಂದು ಇಳಿಯಿತು. ಮಾರ್ಜಿನ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈಗ ಕೋರ್ಸ್ ಆರಿಸುವ ವಿಷಯ. 2020ರಲ್ಲಿ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ ಇಂಥ ತರಬೇತಿಗಳು ತುಂಬ ಬಂದಿವೆ. ಜಾಹೀರಾತಿನಲ್ಲಿ ರಾಕೆಟ್ ಚಿತ್ರ ಎಷ್ಟು ದೊಡ್ಡದಿದೆ ಅಂತ ನೋಡಬೇಡಿ. ಅಸೈನ್‌ಮೆಂಟ್ ಏನು ಅಂತ ಕೇಳಿ. ಪವರ್, ತೂಕ, ಲಿಂಕ್, ಥರ್ಮಲ್, ಈ ನಾಲ್ಕು ಬಜೆಟ್ ನಿಮ್ಮ ಕೈಯಿಂದ ಮಾಡಿಸುತ್ತಾರಾ? ಮಾಡಿದ್ದನ್ನು ಯಾರಾದರೂ ಓದಿ ತಪ್ಪು ತೋರಿಸುತ್ತಾರಾ? ಎರಡಕ್ಕೂ ಹೌದು ಅಂದರೆ ಸೇರಿ. ಬರೀ ವಿಡಿಯೊ, ಕೊನೆಗೊಂದು ಸರ್ಟಿಫಿಕೇಟ್ ಅಂದರೆ ದುಡ್ಡು ಉಳಿಸಿ. ವಿಡಿಯೊ ಪಾಠವೇ ಬೇಕಿದ್ದರೆ ಎನ್‌ಪಿಟೆಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟರುಗಳ ಪಾಠಗಳು ಉಚಿತವಾಗಿವೆ, ಪರೀಕ್ಷೆಗೆ ಮಾತ್ರ ಶುಲ್ಕ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸಂಜೆ ಏಳರಿಂದ ಒಂಬತ್ತು ಅನ್ನುವುದು ಕೋರ್ಸಿನವರಿಗೆ ಬಿಡುವಿನ ಸಮಯವಾಗಿ ಕಾಣುತ್ತದೆ, ಮನೆಯಲ್ಲಿ ಅದು ಅಡುಗೆ ಮತ್ತು ಮಕ್ಕಳ ಹೋಂವರ್ಕ್ ಸಮಯ. ನಮ್ಮ ಅತ್ತೆ ಆ ಎರಡು ಗಂಟೆ ಮನೆ ನೋಡಿಕೊಂಡರು, ಅದಕ್ಕೇ ನನಗೆ ಮುಗಿಸಲು ಆಯಿತು. ಆ ಅನುಕೂಲ ಇಲ್ಲದವರು ನಮ್ಮಲ್ಲೇ ಇಬ್ಬರು ನಡುವೆ ಬಿಟ್ಟರು, ಇಬ್ಬರೂ ನನಗಿಂತ ಚುರುಕಿನವರು. ರೆಕಾರ್ಡಿಂಗ್ ಸಿಗುತ್ತದೆ, ಆದರೆ ಗುಂಪಿನ ವಾದ ರೆಕಾರ್ಡಿಂಗ್‌ನಲ್ಲಿ ಸಿಗುವುದಿಲ್ಲ. ಕಂಪನಿ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಫೀಸ್ ಕಟ್ಟಿದರೆ ಸಾಲದು. ವಾರಕ್ಕೆ ಎರಡು ಗಂಟೆ ಶಿಫ್ಟಿನ ಒಳಗೇ ಕೊಡಿ. ನಮ್ಮಲ್ಲಿ ಕೇಳಿದೆವು, ಬುಧವಾರ ಮಧ್ಯಾಹ್ನ ಕೊಟ್ಟಿದ್ದಾರೆ, ಡಿಸ್ಪ್ಯಾಚ್ ಇರುವ ವಾರ ಬಿಟ್ಟು. ಮುಂದಿನ ಬ್ಯಾಚಿಗೆ ನಡುವೆ ಬಿಟ್ಟ ಆ ಇಬ್ಬರೂ ಮತ್ತೆ ಹೆಸರು ಕೊಟ್ಟಿದ್ದಾರೆ.

ಸೇರುವವರು ತಯಾರಿ ಏನು ಮಾಡಬೇಕು ಅಂತ ಕೇಳಿದರೆ, ಎರಡೇ. ಡೆಸಿಬಲ್ ಲೆಕ್ಕ ಮೊದಲೇ ರೂಢಿ ಮಾಡಿಕೊಳ್ಳಿ, ಎರಡು ಪಟ್ಟಿಗೆ 3, ಹತ್ತು ಪಟ್ಟಿಗೆ 10, ಅಷ್ಟು ಬಾಯಿಗೆ ಬಂದರೆ ಸಾಕು. ಇನ್ನೊಂದು, ನಿಮ್ಮ ಕಂಪನಿಯಲ್ಲಿ ಈಗ ನಡೆಯುತ್ತಿರುವ ಕೆಲಸದ ಯಾವುದಾದರೂ ಒಂದು ಭಾಗಕ್ಕೆ ತೂಕ ಮತ್ತು ಕರೆಂಟಿನ ಪಟ್ಟಿ ನೀವೇ ಮಾಡಿ ನೋಡಿ. ಡ್ರಾಯಿಂಗ್ ಹೊರಗೆ ಕಳಿಸಬೇಡಿ, ಅಂಕಿ ಹಂಚಬೇಡಿ, ನಿಮ್ಮ ಅಭ್ಯಾಸಕ್ಕೆ ಮಾತ್ರ. ಆಮೇಲೆ ಕ್ಲಾಸಿನಲ್ಲಿ ಕೇಳಲು ಪ್ರಶ್ನೆಗಳು ತಾವಾಗಿಯೇ ಬರುತ್ತವೆ.