ಮಳೆಗಾಲದ ಬೆಳ್ಳುಳ್ಳಿ: ಕತ್ತು ಕೊನೆಗೂ ಒಣಗಿತು

ಒಣಗಿತು ಕಣ್ರೀ. ಗೆಡ್ಡೆಯಿಂದ ಗರಿ ಹೊರಡುವ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದರೆ ಚರಚರ ಅನ್ನುತ್ತಿದೆ, ಒಳಗೆ ಮೆತ್ತಗೆ ಏನೂ ಸಿಗುತ್ತಿಲ್ಲ. ಮುಂಗಾರಲ್ಲಿ ಬೆಳ್ಳುಳ್ಳಿ ಹಾಕಿದವರಿಗೆ ಇದರ ಖುಷಿ ಗೊತ್ತು. ಉಳಿದವರು ನಗಬಹುದು.

ಮಡಿ, ಗೊಬ್ಬರ, ಕಳೆ ಎಲ್ಲ ಬಿಟ್ಟುಬಿಡುತ್ತೇನೆ, ನಿಮಗೂ ಗೊತ್ತಿರೋದೇ. ಶಿಡ್ಲಘಟ್ಟದ ಕೆಂಪು ಮಣ್ಣು, ಜುಲೈನಲ್ಲಿ ಊರಿದ್ದು ಗದಗದ ಎಸಳು. ಅಂದರೆ ಗದಗದ್ದು ಅಂತ ಅಂಗಡಿಯವರು ಹೇಳಿದ್ದು. ಗರಿ ಬಂದ ಮೇಲೆ ನೋಡಿದರೆ ಒಂದೇ ಮಡಿಯಲ್ಲಿ ಬೇರೆ ಬೇರೆ ಜಾತಿ, ಅದರಲ್ಲೊಂದು ಗೆಡ್ಡೆ ಕಟ್ಟೋ ಯೋಚನೆಯೇ ಇಲ್ಲದೆ ಈರುಳ್ಳಿ ಸೊಪ್ಪಿನ ಥರ ಬರೀ ಮೇಲಕ್ಕೆ ಬೆಳೆಯಿತು. ತಂಪು ಬೆಟ್ಟದ ಬೆಳ್ಳುಳ್ಳಿ ಬೆರೆಸಿದ್ದಾರೆ ಅಂತ ನನ್ನ ಅನುಮಾನ, ಅಂಥದ್ದಕ್ಕೆ ನಮ್ಮ ಬಯಲಿನ ಸೆಖೆ ಆಗಿಬರಲ್ಲ. ಬೀಜಕ್ಕೆ ಅಂತ ಕೇಳಿದ್ದಕ್ಕೆ ಕೆಜಿಗೆ ಜಾಸ್ತಿ ದುಡ್ಡು ಬೇರೆ.

ನಮ್ಮ ಕಡೆ ಮಳೆ ಜೋರು ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಜುಲೈನಲ್ಲಿ ಊರಿದ ಗೆಡ್ಡೆ ಬಲಿಯೋದೂ ಆಗಲೇ. ಅರ್ಧ ಗರಿ ಹಳದಿಯಾಗಲಿ, ಆಮೇಲೆ ಕೀಳಿ ಅನ್ನೋದು ಒಣ ನೆಲಕ್ಕೆ ಸರಿ. ಒಂದೊಂದು ಗರಿಯ ಬುಡವೇ ಗೆಡ್ಡೆಯ ಮೇಲಿನ ಒಂದೊಂದು ಸಿಪ್ಪೆ. ಒದ್ದೆ ಮಣ್ಣಲ್ಲಿ ಗರಿ ಹಳದಿಯಾಗುತ್ತಾ ಹೋದಂತೆ ಸಿಪ್ಪೆಯೂ ಕೊಳೆಯುತ್ತಾ ಹೋಗುತ್ತೆ, ಕೊನೆಗೆ ಎಸಳು ಬಿರಿದು ಬಟಾಬಯಲು. ಅದಕ್ಕೇ ಇನ್ನೂ ನಾಲ್ಕೈದು ಹಸಿರು ಗರಿ ಇರುವಾಗಲೇ, ಮಳೆ ಬಿಟ್ಟ ಒಂದು ಬೆಳಗ್ಗೆ ಗುದ್ದಲಿ ಹಾಕಿ ಎಬ್ಬಿಸಿದೆ. ತೊಳೆಯಲಿಲ್ಲ. ಬೇರಿನ ಮಣ್ಣು ಕೈಯಲ್ಲೇ ಉದುರಿಸಿದೆ. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು.

ಆಮೇಲೆ ಶುರುವಾಗಿದ್ದು ಕತ್ತಿನ ಕಾಟ. ವರಾಂಡದಲ್ಲಿ ಗೊಂಚಲು ಕಟ್ಟಿ ನೇತುಹಾಕಿ, ಹಗಲೂ ರಾತ್ರಿ ಟೇಬಲ್ ಫ್ಯಾನ್ ಬಿಟ್ಟೆ. ಹೊರಗಿನ ಸಿಪ್ಪೆ ಒಣಗಿದ ಹಾಗೆ ಕಾಣುತ್ತಿತ್ತು. ಆದರೆ ಗೆಡ್ಡೆಗಿಂತ ಒಂದು ಬೆರಳು ಮೇಲೆ ಚಾಕು ಹಾಕಿದರೆ ಒಳಗೆ ಹಸಿರು ಉಂಗುರ, ಅಂಟು ನೀರು. ಒಂದು ಗೆಡ್ಡೆಯ ಬುಡ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಸಿಪ್ಪೆ ಬಿಡಿಸಿದರೆ ಎಸಳಿನ ಮೇಲೆ ನೀಲಿ-ಹಸಿರು ಪುಡಿ, ಜೊತೆಗೆ ಆ ಮುಗ್ಗಲು ವಾಸನೆ. ಪೆನಿಸಿಲಿಯಂ ಬೂಷ್ಟು. ಗಾಯ ಇದ್ದ ಕಡೆಯಿಂದ ನುಗ್ಗುತ್ತೆ, ಗುದ್ದಲಿ ತಾಗಿದ ಗೆಡ್ಡೆಗಳನ್ನೇ ಮೊದಲು ಹಿಡಿದಿತ್ತು.

ಫ್ಯಾನ್ ಇದ್ದೂ ಯಾಕೆ ಹೀಗೆ ಅಂತ ತಲೆ ಕೆಟ್ಟುಹೋಯಿತು. ಆನ್‌ಲೈನಲ್ಲಿ ತರಿಸಿದ ತೇವಾಂಶದ ಮೀಟರ್ ಸದಾ 62 ತೋರಿಸುತ್ತಿತ್ತು. ಮಳೆ ಸುರಿದರೂ 62, ಬಿಸಿಲು ಬಂದರೂ 62. ಕೊನೆಗೆ ಉಪ್ಪಿನ ಪರೀಕ್ಷೆ ಮಾಡಿದೆ. ಅಡುಗೆ ಉಪ್ಪಿಗೆ ಕೊಂಚ ನೀರು ಹಾಕಿ ಕೆಸರು ಮಾಡಿ, ಮೀಟರ್ ಜೊತೆ ಡಬ್ಬದಲ್ಲಿಟ್ಟು ಮುಚ್ಚಿ ರಾತ್ರಿಯೆಲ್ಲ ಬಿಡಬೇಕು. ಒಳಗಿನ ಗಾಳಿ ಶೇ 75ಕ್ಕೆ ನಿಲ್ಲುತ್ತೆ. ನಮ್ಮ ಮೀಟರ್ ಬೆಳಗ್ಗೆಯೂ 62! ಮಾರಿದವರಿಗೆ ಮೆಸೇಜ್ ಹಾಕಿದರೆ "ಬ್ಯಾಟರಿ ಬದಲಿಸಿ ಸರ್" ಅಂತ ಉತ್ತರ.

ಹಿಂದಿನ ಬೀದಿಯ ರೇಷ್ಮೆ ಅಣ್ಣನ ಹತ್ತಿರ ಹೋದೆ. ಹುಳು ಸಾಕುವವರಿಗಿಂತ ಚೆನ್ನಾಗಿ ತೇವಾಂಶ ಗೊತ್ತಿರೋರು ನಮ್ಮೂರಲ್ಲಿ ಯಾರಿದ್ದಾರೆ ಹೇಳಿ? ಹುಳು ಹಣ್ಣಾಗಿ ಗೂಡು ಕಟ್ಟುವಾಗ ಶೇ 60ರಿಂದ 70ರೊಳಗೆ ಇರಬೇಕು, ಗಾಳಿ ಆಡಬೇಕು. ಬೆಳ್ಳುಳ್ಳಿ ಒಣಗೋಕೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಅವರು ಜೋಡಿ ಥರ್ಮಾಮೀಟರ್ ಕೊಟ್ಟರು. ಒಂದು ಸಾದಾ, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ. ನಮ್ಮ ವರಾಂಡದಲ್ಲಿ ರಾತ್ರಿ ಸಾದಾದು 24 ಡಿಗ್ರಿ, ಬತ್ತಿಯದ್ದು 22. ಈ ಎರಡರಿಂದ ತೇವಾಂಶ ಹೇಳೋ ಪಟ್ಟಿ ನೋಡಿದರೆ ಸುಮಾರು ಶೇ 84. ಅಂದರೆ ರಾತ್ರಿಯೆಲ್ಲ ಒದ್ದೆ ಗಾಳಿಯನ್ನೇ ಫ್ಯಾನ್ ಹಾಕಿ ಬೀಸಿದ್ದೇನೆ.

ಹುಳುಮನೆ ಖಾಲಿ ಇದೆಯಲ್ಲ, ಅಲ್ಲೇ ಹರಡಲಾ ಅಂತ ಕೇಳಿದೆ. "ಏನಪ್ಪಾ, ಬೂಷ್ಟು ಹಿಡಿದಿದ್ದನ್ನ ತಂದು ನನ್ನ ಹುಳು ಕೊಲ್ತೀಯಾ?" ಅಂದರು. ಸರಿಯಾದ ಮಾತೇ. ಹುಳುಗಳಿಗೂ ಬೂಷ್ಟಿನ ರೋಗ ಬರುತ್ತೆ, ಒಂದು ಬೆಳೆಯೇ ಹೋಗಬಹುದು. ಬದಲಿಗೆ, ಹುಳು ಗೂಡು ಕಟ್ಟೋಕೆ ಪ್ಲಾಸ್ಟಿಕ್ ತಟ್ಟೆ, ಅಂದರೆ ನೇತ್ರಿಕೆ ಬಂದ ಮೇಲೆ ಮೂಲೆ ಸೇರಿದ್ದ ಎರಡು ಬಿದಿರಿನ ಚಂದ್ರಂಕಿ ಕೊಟ್ಟರು, ಅವು ವಾಪಸ್ ಬೇಡ ಅಂತ ಎರಡು ಸಲ ಹೇಳಿ.

ಚಂದ್ರಂಕಿ ನೋಡಿದವರಿಗೆ ಅರ್ಥವಾಗುತ್ತೆ. ಸುತ್ತು ಸುತ್ತಾಗಿ ಹೋಗೋ ಬಿದಿರಿನ ಪಟ್ಟಿ, ನಡುವೆ ಎರಡು ಮೂರು ಬೆರಳಿನ ಸಂದು. ಆ ಸಂದಿಗೆ ಗೆಡ್ಡೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತೆ, ಕತ್ತು ಹೊರಗೆ. ಒಂದಕ್ಕೊಂದು ತಾಗೋದೂ ಇಲ್ಲ. ಗರಿಯನ್ನೆಲ್ಲ ನಾಲ್ಕು ಬೆರಳು ಬಿಟ್ಟು ಕತ್ತರಿಸಿದೆ. ಗರಿಯ ಸತ್ವ ಗೆಡ್ಡೆಗೆ ಇಳಿಯುತ್ತೆ, ಕತ್ತರಿಸಬಾರದು ಅನ್ನೋರಿದ್ದಾರೆ. ಇಂಥ ಹವೆಯಲ್ಲಿ ಗರಿಯಿಂದ ಇಳಿಯೋದು ಕೊಳೆ ಮಾತ್ರ.

ಚಂದ್ರಂಕಿ ಎರಡನ್ನೂ ಮೇಲೆ ಸಂದು ಬಿಟ್ಟು ಗುಡಾರದ ಹಾಗೆ ಒರಗಿಸಿದೆ. ಇನ್ನು ಬೇಕಿದ್ದು ಬಿಸಿ. ಗ್ಯಾಸ್ ಒಲೆ ಇಡು ಅಂದವರಿಗೆ ಒಂದು ಮಾತು: ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತೆ. ನನಗೆ ಬೇಕಿದ್ದಿದ್ದು ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬು. ಕೇಳಿದ ಕಡೆಯೆಲ್ಲ "ಎಲ್‌ಇಡಿ ತಗೊಳ್ಳಿ ಸಾರ್, ಬಿಸಿಯೇ ಆಗಲ್ಲ". ಅಯ್ಯೋ, ಬಿಸಿಗೇ ಅಲ್ವಾ ಬಂದಿರೋದು! ಕೊನೆಗೆ ಕೋಳಿ ಮರಿ ಸಾಕುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಎರಡು ಬಲ್ಬು, ಒಂದೊಂದಕ್ಕೂ ತೂತು ಹೊಡೆದ ಎಣ್ಣೆ ಡಬ್ಬದ ಕವಚ. ಒಣ ಬಿದಿರಿಗೆ ಬಲ್ಬು ತಾಗಿದರೆ ಬೆಳ್ಳುಳ್ಳಿ ಜೊತೆ ಮನೆಯೂ ಹುರಿದುಹೋಗುತ್ತೆ.

ಲೆಕ್ಕ ಇಷ್ಟೇ. 24 ಡಿಗ್ರಿಯಲ್ಲಿ ಶೇ 84 ಇದ್ದ ಗಾಳಿಯನ್ನು 31ಕ್ಕೆ ಬಿಸಿ ಮಾಡಿದರೆ, ನೀರು ಅಷ್ಟೇ ಇದ್ದರೂ ಶೇ 56ಕ್ಕೆ ಇಳಿಯುತ್ತೆ. ಅದಕ್ಕಿಂತ ತುಂಬಾ ಮೇಲೆ ಏರಿಸಬೇಡಿ, 40 ದಾಟಿದರೆ ಎಸಳು ಬೆಂದಂತಾಗಿ ಮೇಣದ ಬಣ್ಣಕ್ಕೆ ತಿರುಗುವ ಭಯ. ಫ್ಯಾನ್ ಈಗ ಮೂಲೆಯಲ್ಲಿ ನಿಧಾನಕ್ಕೆ ತಿರುಗುತ್ತೆ, ಒದ್ದೆ ಗಾಳಿ ಹೊರಗೆ ಹೋಗಲಿ ಅಂತ ಅಷ್ಟೇ.

ಗುರುತಿಗೆ ಕೆಂಪು ದಾರ ಕಟ್ಟಿದ ಒಂದು ಗೆಡ್ಡೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಾ ಬಂದೆ. 38 ಗ್ರಾಂ ಇದ್ದಿದ್ದು 28ಕ್ಕೆ ಬಂದು ನಿಂತಿತು, ಆಮೇಲೆ ಅಲ್ಲಾಡಲಿಲ್ಲ. ಕತ್ತು ಕತ್ತರಿಸಿ ನೋಡಿದರೆ ಹಸಿರಿಲ್ಲ, ಅಂಟಿಲ್ಲ.

ಕರೆಂಟ್ ದಿನಕ್ಕೆ ಸುಮಾರು 5 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ, ನಿಮ್ಮ ಮಿತಿ ದಾಟಿದ್ದಕ್ಕೆ ಬಿಲ್ ಬಂದೇ ಬರುತ್ತೆ. ಈ ಬೆಳ್ಳುಳ್ಳಿಯ ಕೆಜಿ ಬೆಲೆ ಎಷ್ಟು ಬಿತ್ತು ಅಂತ ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈ ನಡುವೆ ಕಪ್ಪು ಬೆಳ್ಳುಳ್ಳಿಯ ಹುಚ್ಚು ಹತ್ತಿದೆ, ಅಂದರೆ ಗೆಡ್ಡೆಯನ್ನು ಬಿಸಿಯಲ್ಲಿಟ್ಟು ಎಸಳು ಕಪ್ಪಾಗಿಸೋದು. ಅದಕ್ಕೆ 60-70 ಡಿಗ್ರಿ, ಜೊತೆಗೆ ತೇವ ಜಾಸ್ತಿ ಇರಬೇಕು, ವಾರಗಟ್ಟಲೆ. ಇಷ್ಟು ದಿನ ಓಡಿಸಿದ ತೇವವನ್ನು ಈಗ ಕರೆದು ಕೂರಿಸಬೇಕು! ಹಳೇ ರೈಸ್ ಕುಕ್ಕರ್ ಒಂದು ಅಟ್ಟದ ಮೇಲಿದೆ. ವಾಸನೆಗೆ ಹೆದರಿ ಅಮ್ಮ ಈಗಲೇ ಅದನ್ನು ಬಚ್ಚಿಡುವ ಯೋಚನೆಯಲ್ಲಿದ್ದಾರೆ.

ಬಿರಿದ ಗೆಡ್ಡೆಗಳೆಲ್ಲ ನಿಂಬೆರಸದ ಉಪ್ಪಿನಕಾಯಿಗೆ ಹೋದವು, ಅವು ಇಟ್ಟರೆ ಬಾಳಲ್ಲ. ದಪ್ಪ ಎಸಳಿನವು ಈರುಳ್ಳಿ ಚೀಲದಲ್ಲಿ ಬೀಜಕ್ಕೆ ನೇತಾಡುತ್ತಿವೆ. ಬೀಜಕ್ಕೆ ಆರಿಸಿದ್ದು ಸಣ್ಣ ಗರಿಯ ಜಾತಿ ಮಾತ್ರ, ಇನ್ನು ಆ ಅಂಗಡಿಗೆ ಹೋಗೋ ಮಾತೇ ಇಲ್ಲ. ಮುಂದಿನ ಸಲ ಹಿಂಗಾರು ಮುಗಿಯೋ ಹೊತ್ತಿಗೆ ಊರಿ, ಬೇಸಿಗೆಯ ಬಾಯಲ್ಲಿ ಕೀಳುವ ಯೋಚನೆ ಇದೆ. ಆಗ ಬಲ್ಬು ಬೇಡ, ಆದರೆ ನೀರಿಗೆ ಬೋರ್‌ವೆಲ್ ಕಡೆ ನೋಡಬೇಕು, ಅದರ ಗೋಳು ಬೇರೆಯೇ ಇದೆ.